ಚಿಕ್ಕಪ್ಪನಿಗೆ, ಟರ್ಕಿ ಬೇಯಿಸೋ ವಿಚಾರ

ಮಿನಿಯಾಪೊಲಿಸ್
ನವೆಂಬರ್ 16, 2025

ಚಿಕ್ಕಪ್ಪ ಚಿಕ್ಕಮ್ಮನಿಗೆ ನಮಸ್ಕಾರ,

ಇಲ್ಲಿ ಎಲ್ರೂ ಆರಾಮಾಗಿದೀವಿ, ಚಳಿ ಜೋರಾಗ್ತಿದೆ. ಮೊನ್ನೆ ಫೋನಲ್ಲಿ ಕೇಳಿದ್ರಲ್ಲ, ಆರು ಕೆಜಿ ಟರ್ಕಿ ಕೋಳಿನ ತುಂಡೇ ಮಾಡ್ದೆ ಹೆಂಗೆ ಬೇಯಿಸ್ತಾರೆ, ಒಳಗೆ ಹಸಿ ಉಳ್ಕೊಳಲ್ವಾ ಅಂತ, ಅವತ್ತು ಮಧ್ಯೆ ಲೈನ್ ಕಟ್ಟಾಗಿ ಪೂರ್ತಿ ಹೇಳಕ್ಕಾಗ್ಲಿಲ್ಲ ಅದಕ್ಕೆ ಕೂತು ಬರೀತಿದೀನಿ. ಬೀಗರೂಟಕ್ಕೆ ಊರಿಗೂರಿಗೇ ಒಲೆ ಹಚ್ಚೋರು ನೀವು, ನಿಮ್ಮ ಹತ್ರ ಮಾತಾಡದೆ ಈ ವಿಷಯ ಇನ್ಯಾರ ಹತ್ರ ಮಾತಾಡ್ಲಿ.

ಥ್ಯಾಂಕ್ಸ್‌ಗಿವಿಂಗ್ ಅಂದ್ರೆ ಟರ್ಕಿ ಬೇಯಿಸೋ ಇಲ್ಲಿನ ಹಬ್ಬ, ನವೆಂಬರ್ ನಾಲ್ಕನೇ ಗುರುವಾರ, ಈ ಸಲ 27ಕ್ಕೆ ಬಂದಿದೆ, ಹಬ್ಬದೂಟ ನಮ್ಮನೇಲಿ. ತಲೆಗೆ ಒಂದರಿಂದ ಒಂದೂವರೆ ಪೌಂಡು ಅಂತ ಮೂಳೆ ಸಮೇತ ಲೆಕ್ಕ ಹಾಕ್ತಾರೆ, ನಾನು 14 ಪೌಂಡಿಂದು, ಅಂದ್ರೆ ಆರು ಕೆಜಿ ಚಿಲ್ಲರೆದು, ತಂದು ಫ್ರೀಜರಲ್ಲಿಟ್ಟಿದೀನಿ. ಅಮೆರಿಕದಲ್ಲೇ ಅತಿ ಹೆಚ್ಚು ಟರ್ಕಿ ಸಾಕೋದು ಈ ಮಿನ್ನೆಸೋಟಾದಲ್ಲಿ, ಆದ್ರೂ ಇಲ್ಲಿನವರಿಗೂ ಪ್ರತಿವರ್ಷ ಇದೇ ತಲೆನೋವು. ಬಟರ್‌ಬಾಲ್ ಅನ್ನೋ ಕಂಪ್ನಿ 1981ರಿಂದ ಬರೀ ಟರ್ಕಿ ಬೇಯಿಸೋರ ಡೌಟು ಕೇಳಕ್ಕೇ ಅಂತ ಒಂದು ಫೋನ್ ಲೈನ್ ಇಟ್ಟಿದೆ ಅಂದ್ರೆ ನೋಡಿ.

ಕಷ್ಟ ಎಲ್ಲಿದೆ ಅಂದ್ರೆ ಒಂದೇ ಕೋಳಿಲಿ ಎರಡು ಥರ ಮಾಂಸ ಇದೆ. ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಮ್ಮಿ, 165 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಸ್ವಲ್ಪ ಮುಂದೆ ಹೋದ್ರೆ ನಾರು ನಾರಾಗಿ ಒಣಗುತ್ತೆ, ತೊಡೆಗಾದ್ರೆ 175ರ ಮೇಲೆ ಹೋದ್ರೇನೇ ಒಳಗಿನ ಗಟ್ಟಿ ನಾರೆಲ್ಲ ಕರಗಿ ಮೆತ್ತಗಾಗೋದು. ಸರ್ಕಾರದವರು ಹೇಳೋದು ಎಲ್ಲಾ ಕಡೆನೂ ಕನಿಷ್ಠ 165, ಅಂದ್ರೆ ನಮ್ಮ ಲೆಕ್ಕದಲ್ಲಿ 74 ಸೆಲ್ಸಿಯಸ್, ಮುಟ್ಟಬೇಕು ಅಂತ. ಇಡೀ ಕೋಳಿ ಗುಂಡಗೆ ಕೂರಿಸಿ ಓವನ್ನಿಗಿಟ್ರೆ ಎದೆ ಮೇಲ್ಗಡೆ ಕಾವಿಗೆ ಒಡ್ಕೊಂಡಿರುತ್ತೆ, ತೊಡೆ ಸಂದು ಕೆಳಗಡೆ ಮರೆಲಿರುತ್ತೆ, ಬೇಗ ಬೇಯೋದು ಇನ್ನೂ ಬೇಗ ಬೇಯುತ್ತೆ ತಡ ಆಗೋದು ಇನ್ನೂ ತಡ ಆಗುತ್ತೆ. ನಾವು ತುಂಡು ಮಾಡೇ ಒಲೆಗಿಡೋರು, ಈ ಸಮಸ್ಯೆ ನಮಗೆ ಬರೋದೇ ಇಲ್ಲ. ಇಲ್ಲಿ ಕೋಳಿ ಇಡಿಯಾಗಿ ಟೇಬಲ್ಲಿಗೆ ಬರಬೇಕು ಅನ್ನೋ ಆಸೆ, ಆ ಆಸೆ ಪೂರೈಸಕ್ಕೆ ಅಂಗಡೀಲಿ ಒಂದು ಸಾಲು ತುಂಬ ಸಾಮಾನು.

ದೊಡ್ಡ ರೋಸ್ಟಿಂಗ್ ಪ್ಯಾನ್, ಎಲೆಕ್ಟ್ರಿಕ್ ರೋಸ್ಟರ್, ಹೊಗೆ ಹಾಕೋ ಸ್ಮೋಕರ್, ಎಣ್ಣೇಲಿ ಕರಿಯೋ ಫ್ರೈಯರ್. ಅಗ್ಗದ ಅಲ್ಯುಮಿನಿಯಂ ಫಾಯಿಲ್ ತಟ್ಟೆನೂ ಇದೆ, ಅದನ್ನ ಮಾತ್ರ ಯಾರಿಗೂ ಹೇಳಲ್ಲ ನಾನು, ಆರು ಕೆಜಿ ಭಾರಕ್ಕೆ ಓವನ್ನಿಂದ ಎತ್ತುವಾಗ ಮಧ್ಯಕ್ಕೆ ಬಗ್ಗುತ್ತೆ, ಕರಗಿದ ಬಿಸಿ ಕೊಬ್ಬು ಕಾಲ್ಮೇಲೆ ಬಿದ್ರೆ ಹಬ್ಬ ಮುಗೀತು. ಎಲೆಕ್ಟ್ರಿಕ್ ರೋಸ್ಟರ್ ಓವನ್ ಖಾಲಿ ಬಿಡುತ್ತೆ ಅನ್ನೋದು ನಿಜ ಆದ್ರೆ ಚರ್ಮ ಗರಿಗರಿ ಆಗಲ್ಲ.

ಎಣ್ಣೇಲಿ ಕರಿಯೋದಂತೂ ನಿಮಗೆ ಕೇಳಕ್ಕೇ ಖುಷಿ ಆಗುತ್ತೆ. ಹೊರಗಡೆ ಗ್ಯಾಸ್ ಬರ್ನರ್ ಮೇಲೆ ಎತ್ತರದ ಹಂಡೆ, ಅದರಲ್ಲಿ ಹತ್ತು ಹನ್ನೊಂದು ಲೀಟರ್ ಕಡ್ಲೆಕಾಯಿ ಎಣ್ಣೆ, 350 ಡಿಗ್ರಿಗೆ ಕಾಯಿಸಿ ಇಡೀ ಕೋಳಿನ ಕೊಕ್ಕೆಗೆ ಸಿಕ್ಕಿಸಿ ನಿಧಾನಕ್ಕೆ ಇಳಿಸ್ತಾರೆ, ಪೌಂಡಿಗೆ ಮೂರರಿಂದ ನಾಲ್ಕು ನಿಮಿಷ ಅಷ್ಟೇ, ಮುಕ್ಕಾಲು ಗಂಟೇಲಿ ಕೆಲಸ ಆಗೋಯ್ತು. ರುಚಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಒಳಗೆ ಎಲ್ಲೋ ಒಂದಿಷ್ಟು ಐಸ್ ಉಳಿದಿದ್ರೆ ಆ ನೀರು ಒಂದೇ ಸಲಕ್ಕೆ ಆವಿಯಾಗಿ ಸಾವಿರದ ಏಳ್ನೂರು ಪಟ್ಟು ಹಿಗ್ಗುತ್ತೆ, ಎಣ್ಣೆ ಉಕ್ಕಿ ಬರ್ನರ್ ಮೇಲೆ ಬಿತ್ತು ಅಂದ್ರೆ ಆಳೆತ್ತರ ಬೆಂಕಿ, ಅದಕ್ಕೆ ನೀರು ಹಾಕೋ ಹಾಗೂ ಇಲ್ಲ. ಪ್ರತಿವರ್ಷ ಈ ಹಬ್ಬದ ದಿನ ಇದರಿಂದ ಮನೆಗಳು ಸುಟ್ಟೋಗ್ತವೆ. ಹಿಮ ಬೀಳ್ತಿದೆ ಅಂತ ಗ್ಯಾರೇಜ್ ಒಳಗೆ ಹಚ್ಕೊಳೋರೂ ಇದಾರೆ, ನನಗೆ ನೆನೆಸ್ಕೊಂಡ್ರೇ ಭಯ ಆಗುತ್ತೆ. ಮಕ್ಕಳು ಓಡಾಡೋ ಮನೇಲಿ ಬೇಡ್ವೇ ಬೇಡ.

ನಾನು ಮಾಡ್ತಿರೋದು ಸ್ಪ್ಯಾಚ್‌ಕಾಕ್ ಅನ್ನೋ ವಿಧಾನ, ಬೆನ್ನುಮೂಳೆ ತೆಗೆದು ಕೋಳಿನ ಚಪ್ಪಟೆ ಮಾಡೋದು. ಕೋಳಿನ ಬೋರಲು ಮಲಗಿಸಿ ಬಾಲದ ಕಡೆಯಿಂದ ಬೆನ್ನುಮೂಳೆ ಎರಡೂ ಪಕ್ಕಕ್ಕೆ ದಪ್ಪ ಕತ್ತರಿ ಓಡಿಸ್ಬೇಕು, ಪಕ್ಕೆಲುಬು ಒಂದೊಂದೇ ಟಕ್ ಟಕ್ ಅಂತ ಬಿಡ್ತವೆ, ತೊಡೆ ಸಂದಲ್ಲಿ ಮಾತ್ರ ಎರಡು ಕೈ ಹಾಕಿ ಒತ್ತಬೇಕು. ಮೂಳೆ ಎತ್ತಿಟ್ಟು ಮಗುಚಿ ಹಾಕಿ, ಎದೆಮೂಳೆ ಮೇಲೆ ಅಂಗೈ ಇಟ್ಟು ಮೈಭಾರ ಬಿಟ್ರೆ ಲಟಕ್ ಅಂತ ಮುರಿದು ತೆರೆದಿಟ್ಟ ಪುಸ್ತಕದ ಥರ ಮಲಗುತ್ತೆ. ಈಗ ಕಾಲೆರಡೂ ಹೊರಗೆ ಬಂದು ಕಾವಿಗೆ ಸಿಗ್ತವೆ, ಎದೆ 165 ಮುಟ್ಟೋ ಹೊತ್ತಿಗೆ ತೊಡೆ 175 ಆಗಿರುತ್ತೆ. ಓವನ್ 450ರಲ್ಲಿಟ್ರೆ ಒಂದೂವರೆ ಗಂಟೆ ಆಸುಪಾಸಲ್ಲಿ ಆಗೋಗುತ್ತೆ, ಇಡೀದಾದ್ರೆ 325ರಲ್ಲಿ ಮೂರು ಗಂಟೆ ಮೇಲೇ ಬೇಕು. ಟೇಬಲ್ ಮೇಲೆ ಫೋಟೋಗೆ ಗುಂಡಗೆ ಕಾಣಲ್ಲ ಅನ್ನೋದೊಂದೇ ಕೊರತೆ, ನನಗದು ಕೊರತೆನೇ ಅಲ್ಲ, ಬಂದೋರು ಊಟಕ್ಕೆ ಬರೋದು ತಾನೆ.

ಇದಕ್ಕೆ ಬೇಕಾಗಿರೋದು ಗಟ್ಟಿ ಕತ್ತರಿ, 18 ಇಂಚು 13 ಇಂಚಿನ ಬೇಕಿಂಗ್ ತಟ್ಟೆ, ಮೇಲೊಂದು ಕಂಬಿ ಜಾಲರಿ, ಇನ್ನೊಂದು ಥರ್ಮಾಮೀಟರ್. ದುಡ್ಡು ಹಾಕೋದಾದ್ರೆ ಥರ್ಮಾಮೀಟರಿಗೆ ಹಾಕ್ಬೇಕು ಚಿಕ್ಕಪ್ಪ, ಇದನ್ನ ನಾನು ಎಲ್ರಿಗೂ ಹೇಳ್ತೀನಿ. ಕೆಲವು ಟರ್ಕಿಗೆ ಕಂಪ್ನಿಯವರೇ ಎದೆಗೊಂದು ಪ್ಲಾಸ್ಟಿಕ್ ಬಟನ್ ಚುಚ್ಚಿ ಕಳಿಸ್ತಾರೆ, ಬೆಂದಾಗ ಮೇಲೆ ಏಳುತ್ತೆ, ಆದ್ರೆ ಅದು ಏಳೋ ಹೊತ್ತಿಗೆ ಎಷ್ಟೋ ಸಲ ಎದೆ ಒಣಗೋಗಿರುತ್ತೆ. ಥರ್ಮಾಮೀಟರ್ ಕಡ್ಡಿನ ಎದೆ ದಪ್ಪ ಇರೋ ಕಡೆ, ಆಮೇಲೆ ತೊಡೆ ಒಳಭಾಗದಲ್ಲಿ ಮೂಳೆಗೆ ತಾಗದ ಹಾಗೆ ಚುಚ್ಚಿ ನೋಡಿದ್ರೆ ಅನುಮಾನನೇ ಇರಲ್ಲ. ನೀವು ಮಾಂಸ ಚಿವುಟಿ ನೋಡೇ ಹದ ಹೇಳ್ತೀರ, ಆ ಕೈ ನನಗಿನ್ನೂ ಬಂದಿಲ್ಲ, ಅದಕ್ಕೂ ಮಿಗಿಲಾಗಿ ಇಷ್ಟು ದಪ್ಪ ಮಾಂಸದ ಒಳಗೆ ಚಿವುಟಕ್ಕೆ ಆಗಲ್ಲ.

ಶುಕ್ರವಾರ ರಾತ್ರಿ ಫ್ರೀಜರಿಂದ ಫ್ರಿಜ್ಜಿಗೆ ಇಳಿಸ್ತೀನಿ, ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು ಐಸ್ ಬಿಡಕ್ಕೆ. ಮಂಗಳವಾರ ರಾತ್ರಿ ಬೆನ್ನು ತೆಗೆದು ಉಪ್ಪು ಹಚ್ಚಿ ಮುಚ್ಚದೆ ಫ್ರಿಜ್ಜಲ್ಲೇ ಬಿಡೋದು. ಬಕೆಟ್ ತುಂಬ ಉಪ್ಪುನೀರಲ್ಲಿ ಮುಳುಗಿಸೋರು ಬೇಕಾದಷ್ಟು ಜನ ಇದಾರೆ, ಅದರಿಂದ ಮಾಂಸ ನೀರು ಹೀರ್ಕೊಂಡು ಸಪ್ಪೆ ಆಗುತ್ತೆ, ಚರ್ಮನೂ ಒದ್ದೆ. ಒಣ ಉಪ್ಪು ಮೊದಲು ಮಾಂಸದ ನೀರನ್ನ ಹೊರಗೆಳೆದು ಅದರಲ್ಲೇ ಕರಗಿ ಮತ್ತೆ ಒಳಗೋಗುತ್ತೆ, ಚರ್ಮ ಒಣಗಿ ಗರಿಗರಿ ಆಗಕ್ಕೆ ರೆಡಿಯಾಗುತ್ತೆ. ಲೇಬಲ್ ನೋಡ್ಕೋಬೇಕು, ಎಷ್ಟೋ ಟರ್ಕಿಗೆ ಮೊದಲೇ ಉಪ್ಪುನೀರು ಚುಚ್ಚಿರ್ತಾರೆ, ಅಂಥದಕ್ಕೆ ಉಪ್ಪು ಕಮ್ಮಿ ಮಾಡ್ಬೇಕು. ಬೆಳ್ಳುಳ್ಳಿ, ನೀವು ಕಳಿಸಿದ ಮೆಣಸು, ಕೊತ್ತಂಬರಿ, ಬೆಣ್ಣೆ ಅರೆದು ಚರ್ಮದ ಒಳಗಡೆ ಹಚ್ತೀನಿ, ಮೇಲೆ ಹಚ್ಚಿದ್ರೆ ಆ ಕಾವಿಗೆ ಬೆಳ್ಳುಳ್ಳಿ ಸೀಯುತ್ತೆ.

ಚಿಕ್ಕಮ್ಮ, ಅರಿಶಿನ ಹಾಕಿ ಚೆನ್ನಾಗಿ ತೊಳಿ ಅಂದ್ರಲ್ಲ, ಇಲ್ಲಿ ತೊಳೀಬೇಡಿ ಅಂತಾರೆ. ಸಿಂಕಲ್ಲಿ ಹಸಿ ಕೋಳಿ ನೀರು ಸುತ್ತ ಸಿಡಿದು ಪಕ್ಕದಲ್ಲಿರೋ ಸೊಪ್ಪು ತರಕಾರಿಗೆಲ್ಲ ಬ್ಯಾಕ್ಟೀರಿಯಾ ಅಂಟುತ್ತೆ, ಸರಿಯಾಗಿ ಬೇಯಿಸಿದ್ರೆ ಅದು ಹೆಂಗೂ ಸಾಯುತ್ತೆ. ಪೇಪರ್ ಟವಲಲ್ಲಿ ಒರೆಸಿದ್ರೆ ಸಾಕು, ಅರಿಶಿನ ಮಸಾಲೆಗೆ ಹಾಕ್ತೀನಿ ಬಿಡಿ.

ಬೆನ್ನುಮೂಳೆ, ಕತ್ತು, ಹೊಟ್ಟೆಯೊಳಗೆ ಕವರಲ್ಲಿ ಕಟ್ಟಿಟ್ಟಿರೋ ಗುಂಡಿಗೆ ಇದನ್ನೆಲ್ಲ ಬೇಯಿಸಿ ಇಲ್ಲಿನವರು ಗ್ರೇವಿ ಮಾಡ್ತಾರೆ. ಅರ್ಧ ಅದಕ್ಕೆ ಇಟ್ಟು ಇನ್ನರ್ಧದಲ್ಲಿ ನಮ್ಮ ಮೂಳೆ ಸಾರು ಮಾಡೋಣ ಅಂತಿದೀನಿ, ಮುದ್ದೆಗೆ ರಾಗಿಹಿಟ್ಟು ಇದೆ. ಟರ್ಕಿ ಮೂಳೆ ದಪ್ಪ, ನಾಟಿ ಕೋಳಿಗಿಂತ ಜಾಸ್ತಿ ಹೊತ್ತು ಕುದಿಬೇಕಾಗುತ್ತೇನೋ, ಸುಮಾರು ಅರ್ಧ ಕೆಜಿ ಮೂಳೆಗೆ ಮೆಣಸು ಚಕ್ಕೆ ಕೊಬ್ರಿ ಎಷ್ಟೆಷ್ಟು, ಕಾರದಪುಡಿ ಯಾವಾಗ ಹಾಕ್ಬೇಕು ಅಂತ ಮಂಗಳವಾರದೊಳಗೆ ಒಂದು ವಾಯ್ಸ್ ಮೆಸೇಜ್ ಹಾಕಿ. ನಮ್ಮ ಟೈಮು ನಿಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ನೀವು ಬೆಳಗ್ಗೆ ಎದ್ದು ಕಾಫಿ ಕುಡಿಯುವಾಗ ಹಾಕಿದ್ರೆ ನನಗೆ ರಾತ್ರಿ ಮಲಗೋಕೆ ಮುಂಚೆ ಸಿಗುತ್ತೆ.

ನಿಮ್ಮ ಮಗ