ಅಕ್ಟೋಬರ್ ಬುಕಿಂಗ್‌ನಲ್ಲಿ ಒಂದು ಬದಲಾವಣೆ: ಇನ್ನು ದಿನಕ್ಕೆ ಒಂದೇ ದಿಕ್ಕು

ನಮ್ಮಲ್ಲಿಗೆ ಬಂದು ಹೋದವರಿಗೂ, ಈ ದಸರಾ ರಜೆಗೆ ಬರಬೇಕು ಅಂದುಕೊಂಡಿರುವವರಿಗೂ ಮಡಿಕೇರಿ ಕಡೆಯಿಂದ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ವರ್ಷದಿಂದ ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮ ಐದೂ ಹೋಂಸ್ಟೇಗಳಲ್ಲಿ ಕಡಿಮೆಯೆಂದರೆ ಎರಡು ರಾತ್ರಿಗೆ ಬುಕಿಂಗ್ ತೆಗೆದುಕೊಳ್ಳುತ್ತೇವೆ. ‘ಒಂದು ದಿನ, ಏಳು ಜಾಗ’ ಎಂಬ ಹಳೆಯ ಪ್ಯಾಕೇಜನ್ನು ನಿಲ್ಲಿಸಿದ್ದೇವೆ.

ಆ ಏಳು ಜಾಗಗಳ ಪಟ್ಟಿ ಬೇರೆ ಯಾರದ್ದೂ ಅಲ್ಲ, ನಾವೇ ಅಚ್ಚು ಹಾಕಿಸಿ ಹಂಚಿದ್ದು. ಹೋದ ದಸರಾ ರಜೆಯ ಶನಿವಾರ ಬೆಂಗಳೂರಿನ ಒಂದು ಮನೆಯವರು ಅದನ್ನೇ ಹಿಡಿದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟರು. ಅಬ್ಬಿ ಫಾಲ್ಸ್ ದಾರಿಯಲ್ಲೇ ಕಾರುಗಳ ಸಾಲು. ತಲಕಾವೇರಿ ಮುಟ್ಟುವಾಗ ಮಧ್ಯಾಹ್ನ ದಾಟಿ ಮಂಜು ಕವಿದಿತ್ತು, ಬೆಟ್ಟವೇ ಕಾಣಲಿಲ್ಲ. ಮಾಂದಲಪಟ್ಟಿಗೆ ಹೊತ್ತು ಮೀರಿತ್ತು. ರಾತ್ರಿ ಒಂಬತ್ತೂವರೆಗೆ ವಾಪಸ್ ಬಂದಾಗ ಊಟಕ್ಕೆ ಮಾಡಿಟ್ಟ ಕಡಂಬುಟ್ಟು (ಅಕ್ಕಿ ಕಡುಬು) ಆರಿ ಕಲ್ಲಾಗಿತ್ತು. ಅವರ ಜೊತೆಗಿದ್ದ ಅಜ್ಜಿ ಕೈ ತೊಳೆಯುತ್ತಾ, ‘ಇವತ್ತು ನಾವು ಏನು ನೋಡಿದ್ವಿ ಮಗಾ?’ ಅಂತ ಮೊಮ್ಮಗನನ್ನು ಕೇಳಿದರು. ಅವನು, ‘ಮುಂದಿನ ಕಾರಿನ ನಂಬರ್ ಪ್ಲೇಟ್’ ಅಂದ. ಎಲ್ಲರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ.

ಕೊಡಗಿನ ನಕ್ಷೆ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ತಲಕಾವೇರಿ ಮಡಿಕೇರಿಯಿಂದ ಪಶ್ಚಿಮಕ್ಕೆ ಸುಮಾರು 48 ಕಿಲೋಮೀಟರ್. ದುಬಾರೆ, ನಿಸರ್ಗಧಾಮ ಪೂರ್ವಕ್ಕೆ, ಕುಶಾಲನಗರದ ಕಡೆಗೆ. ಮಾಂದಲಪಟ್ಟಿ ಉತ್ತರದಲ್ಲಿ. ಕಕ್ಕಬ್ಬೆ ದಕ್ಷಿಣದಲ್ಲಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಹೆಚ್ಚಾಗಿ ಮಡಿಕೇರಿ ಪೇಟೆಯನ್ನೇ ಮತ್ತೆ ಹಾಯಬೇಕು. ನಮ್ಮ ರಸ್ತೆಗಳಲ್ಲಿ 40 ಕಿಲೋಮೀಟರ್ ಅಂದರೆ ಮೈಸೂರು ಹೈವೇಯ 40 ಅಲ್ಲ. ತಿರುವು ಜಾಸ್ತಿ, ಮಕ್ಕಳಿಗೆ ವಾಂತಿ ಜಾಸ್ತಿ.

ಇದರ ಜೊತೆಗೆ ಮಳೆಯ ಲೆಕ್ಕ. ಮುಂಗಾರು ಮುಗಿದರೂ ಅಕ್ಟೋಬರ್‌ನಲ್ಲಿ ಚಿತ್ತ, ಸ್ವಾತಿ ಮಳೆಗಳು ಬಾಕಿ ಇರುತ್ತವೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮೂರು ಗಂಟೆಯ ಮೇಲೆ ಗುಡುಗಿ ಸುರಿದರೂ ಸುರಿಯಿತೇ. ಹಾಗಾಗಿ ಬೆಟ್ಟ ನೋಡುವುದೆಲ್ಲ ಹನ್ನೊಂದರೊಳಗೆ ಮುಗಿಯಬೇಕು. ಎರಡು ರಾತ್ರಿ ಇದ್ದರೆ ಎರಡು ಬೆಳಿಗ್ಗೆ ಸಿಗುತ್ತವೆ. ನಾವು ಕೊಡಲು ಹೊರಟಿರುವುದು ಆ ಎರಡನೇ ಬೆಳಿಗ್ಗೆಯನ್ನು.

ಹೊಸ ಕ್ರಮ ಹೇಗೆಂದರೆ, ನೀವು ಬಂದ ಸಂಜೆ ಊಟಕ್ಕೆ ಕೂತಾಗ ಒಂದು ದಿಕ್ಕು ಆರಿಸುತ್ತೀರಿ. ಬೆಳಿಗ್ಗೆ ಆರಕ್ಕೆ ಕಾಫಿ, ನೂಪುಟ್ಟು (ಅಕ್ಕಿ ಶಾವಿಗೆ) ಕಟ್ಟಿಕೊಡುತ್ತೇವೆ. ಪಶ್ಚಿಮ ಆರಿಸಿದರೆ ಮೊದಲು ತಲಕಾವೇರಿ, ಇಳಿಯುವಾಗ ಭಾಗಮಂಡಲ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಕಡೆ ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ. ಉತ್ತರಕ್ಕೆ ಮಾಂದಲಪಟ್ಟಿ, ಕೊನೆಯ ದಾರಿ ಕೆಟ್ಟದು, ನಿಮ್ಮ ಕಾರು ಬೇಡ, ಜೀಪಿಗೆ ನಾವೇ ಹೇಳಿರುತ್ತೇವೆ. ಮಕ್ಕಳು ಆನೆ ನೋಡಬೇಕು ಅಂದರೆ ಪೂರ್ವ, ದುಬಾರೆಯ ಆನೆ ಶಿಬಿರಕ್ಕೆ.

ನಮ್ಮನ್ನು ಕೇಳಿದರೆ ದಕ್ಷಿಣ ಅನ್ನುತ್ತೇವೆ. ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆ ಇದೆ, ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಅರಮನೆ ಅಂದಾಕ್ಷಣ ಮೈಸೂರನ್ನು ನೆನೆಸಿಕೊಂಡು ಹೋಗಬೇಡಿ. ಹೆಂಚಿನ ಮಾಡಿನ ಮನೆ ಅದು, ಆದರೆ ಒಳಗಿನ ಮರದ ಕೆತ್ತನೆ, ಬಣ್ಣದ ಚಿತ್ರ ನೋಡುವಂಥದ್ದು. ಅಲ್ಲಿಂದಲೇ ತಡಿಯಂಡಮೋಳ್ ಹತ್ತುವ ದಾರಿ. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಹತ್ತುವವರು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿಕೊಳ್ಳಿ. ಬಾಗಿಲಲ್ಲಿ ನಮ್ಮ ಹೆಸರು ಹೇಳಿದರೆ ನಡೆಯುವುದಿಲ್ಲ, ಎಷ್ಟೋ ಜನ ಹೇಳಿ ನೋಡಿದ್ದಾರೆ.

ಎರಡು ದಿನಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ. ಅಂದು ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದರೆ ಕುಂಡಿಕೆಯಲ್ಲಿ ಕಾವೇರಿ ಉಕ್ಕಿ ಬರುವ ಗಳಿಗೆ. ಗಳಿಗೆ ಪ್ರತಿ ವರ್ಷ ಬದಲಾಗುತ್ತದೆ, ಒಮ್ಮೊಮ್ಮೆ ನಡುರಾತ್ರಿಯೂ ಬರುವುದುಂಟು. ಅದು ನಮಗೆ ಹಬ್ಬ. ನಮ್ಮ ಐದೂ ಮನೆಯವರು ಅಲ್ಲಿರುತ್ತೇವೆ, ಹಾಗಾಗಿ ಸಂಕ್ರಮಣ ಮತ್ತು ಮರುದಿನ ಹೊಸ ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಜಯದಶಮಿಯ ರಾತ್ರಿ. ಮಡಿಕೇರಿಯ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡಬೇಕಾದರೆ ಬೆಳಗಿನ ಜಾವದವರೆಗೂ ಎದ್ದಿರಬೇಕು. ಪೇಟೆಯೊಳಗೆ ಕಾರು ಹೋಗುವುದಿಲ್ಲ. ಮಧ್ಯಾಹ್ನವೇ ಮಲಗಿ ನಿದ್ದೆ ಮುಗಿಸಿಕೊಳ್ಳಿ. ಮರುದಿನ ತಿಂಡಿ ಹತ್ತು ಗಂಟೆಗೆ, ಅಡುಗೆಯವರೂ ಮಂಟಪ ನೋಡಬೇಕಲ್ವಾ?

ದುಡ್ಡಿನ ವಿಷಯ. ಎರಡು ರಾತ್ರಿ ಅಂದ ತಕ್ಷಣ ಖರ್ಚು ಡಬಲ್ ಅನ್ನಿಸುವುದು ಸಹಜ. ಎರಡನೇ ರಾತ್ರಿಯ ಬಾಡಿಗೆಯನ್ನು ಶೇ 20 ಇಳಿಸಿದ್ದೇವೆ. ಸೋಮವಾರದಿಂದ ಗುರುವಾರದೊಳಗೆ ಬರುವವರಿಗೆ ಒಂದೇ ರಾತ್ರಿಯಾದರೂ ಸರಿ, ಆ ದಿನಗಳಲ್ಲಿ ರಸ್ತೆ ನಮ್ಮದೇ. ಈಗಾಗಲೇ ಒಂದು ರಾತ್ರಿಗೆ ಅಡ್ವಾನ್ಸ್ ಕೊಟ್ಟವರ ಬುಕಿಂಗ್ ಹಾಗೆಯೇ ಇರುತ್ತದೆ, ಏಳು ಜಾಗ ಮಾತ್ರ ಇರುವುದಿಲ್ಲ. ಬೇಡ ಅನ್ನಿಸಿದರೆ ಬರುವುದಕ್ಕೆ ಹತ್ತು ದಿನ ಮುಂಚೆ ತಿಳಿಸಿ, ಪೂರ್ತಿ ವಾಪಸ್ ಕೊಡುತ್ತೇವೆ.

ತಿಂಗಳು ಆರಿಸಲು ಪುರುಸೊತ್ತು ಇದ್ದವರಿಗೆ ಒಂದು ಮಾತು. ಅಕ್ಟೋಬರ್‌ನಲ್ಲಿ ಹಸಿರು ಜಾಸ್ತಿ, ಜಿಗಣೆಯೂ ಇರುತ್ತದೆ. ನವೆಂಬರ್ ಕೊನೆಗೆ ಗದ್ದೆ ಹಳದಿ, ಅರೇಬಿಕಾ ಕೊಯ್ಲು ಶುರು. ಹಣ್ಣು ಕುಯ್ದು ನೋಡಬೇಕು ಅನ್ನುವ ಮಕ್ಕಳಿಗೆ ಬುಟ್ಟಿ ಕೊಡುತ್ತೇವೆ, ಕೂಲಿ ಕೊಡುವುದಿಲ್ಲ.

ಫೋನ್ ನಂಬರ್ ಹಳೆಯದೇ. ತೋಟದಲ್ಲಿ ಸಿಗ್ನಲ್ ಇರುವುದಿಲ್ಲ, ಸಂಜೆ ಆರರ ಮೇಲೆ ಮಾಡಿ.

ಇಂತಿ,
ಐದು ಮನೆಗಳ ಪರವಾಗಿ

ಮರೆತಿದ್ದೆವು: ಹೋದ ವರ್ಷದ ಆ ಅಜ್ಜಿ ಈ ಸಲ ಮೂರು ರಾತ್ರಿಗೆ ಬುಕ್ ಮಾಡಿದ್ದಾರೆ. ಮೂಲೆಯ ಕೋಣೆ ಅವರಿಗೆ ಇಟ್ಟಿದ್ದೇವೆ, ಅದನ್ನು ಕೇಳಬೇಡಿ.