ಅಪ್ಪನಿಗೆ ಓದಿ ಹೇಳಬೇಕಾದ ಕಾಗದ

ಮಾಂಕ್ಟನ್, ನ್ಯೂ ಬ್ರನ್ಸ್‌ವಿಕ್, ಕೆನಡಾ
ಅಕ್ಟೋಬರ್, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ. ನೀವೂ ಎಲ್ಲ ಕ್ಷೇಮ ಅಂತ ಬರೆಯೋಣ ಅಂದರೆ, ಅಪ್ಪನ ಕಾಲಿನ ಗಾಯ ಇನ್ನೂ ಒಣಗಿಲ್ಲ ಅಂತ ನೀನು ಬರೆದ ಕಾಗದ ಎದುರಿಗೇ ಇದೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಅಪ್ಪ "ಹಾಂ, ಹೂಂ, ಎಲ್ಲ ಸಮ ಇದೆ" ಅಂದು ಫೋನನ್ನು ನಿನ್ನ ಕೈಗೆ ದಾಟಿಸಿಬಿಡುತ್ತಾರೆ. ಕಾಗದವಾದರೆ ಕನ್ನಡಕ ಹಾಕಿ ಎರಡೆರಡು ಸಲ ಓದುತ್ತಾರೆ. ಒಳಗೆ ಫೋಟೊ ಉಂಟು ಅಂತ ಹೇಳು, ಖಂಡಿತ ಕೂತುಕೊಳ್ಳುತ್ತಾರೆ.

ಫೋಟೊ ತೆಗೆದದ್ದು ಫಂಡಿ ರಾಷ್ಟ್ರೀಯ ಉದ್ಯಾನದಲ್ಲಿ. ನಾನಿರುವ ಊರಿನಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಸಮುದ್ರಕ್ಕೆ ತಾಗಿಯೇ ಕಾಡು, ಕಾಡಿನೊಳಗೆ ಕೆರೆ, ಅಬ್ಬಿ ಎಲ್ಲ. 1948ರಲ್ಲಿ ಆದದ್ದಂತೆ. ಜೊತೆಗೆ ಡ್ಯೂಟಿಯ ಹುಡುಗಿಯರು ಇದ್ದರು. ಒಬ್ಬಳೇ ಹೋಗಿರಲಿಲ್ಲ, ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದು.

ಮೊದಲನೆಯದು ಡಿಕ್ಸನ್ ಅಬ್ಬಿ. ಸಣ್ಣದು. ಮರದ ಹಲಗೆ ಹಾಸಿದ ದಾರಿ, ಎರಡೂ ಕಡೆ ಪಾಚಿ, ಜರಿಗಿಡ. ಮೋಡ ಕವಿದ ದಿನವೇ ಹೋದದ್ದು. ಬಿಸಿಲಿದ್ದರೆ ನೀರು ಬೆಳ್ಳಗೆ ಸುಟ್ಟ ಹಾಗೆ ಬರುತ್ತದೆ, ಪಾಚಿ ಕಪ್ಪಾಗುತ್ತದೆ. ಕ್ಯಾಮರಾವನ್ನು ಸ್ಟ್ಯಾಂಡಿಗೆ ಕೂರಿಸಿ ಅರ್ಧ ಸೆಕೆಂಡು ಶಟರ್ ತೆರೆದಿಟ್ಟರೆ ನೀರು ನೂಲಿನಂತೆ ಇಳಿಯುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ ಅಂತ ಒಂದು ಗಾಜು ತಿರುಗಿಸಿದರೆ ಒದ್ದೆ ಎಲೆಗಳ ಮೇಲಿನ ಹೊಳಪು ಹೋಗಿ ಹಸಿರು ಮೇಲೆ ಬರುತ್ತದೆ. ಇಲ್ಲಿಯ ಹಳ್ಳದ ನೀರು ಕಂದು ಬಣ್ಣ. ಕೊಳಕಲ್ಲ, ಕಾಡಿನ ಎಲೆ, ತೊಗಟೆಯ ರಸ ಇಳಿದದ್ದು. ಎರಡನೆಯದು ಥರ್ಡ್ ವಾಲ್ಟ್, ಈ ಉದ್ಯಾನದಲ್ಲಿ ಎಲ್ಲಕ್ಕಿಂತ ಎತ್ತರದ್ದು, 16 ಮೀಟರ್. ಜೋಗ 253 ಮೀಟರ್ ಅಂತ ಅಪ್ಪ ನಗುತ್ತಾರೆ. ನಗಲಿ. ಜೋಗದ ಬುಡಕ್ಕೆ ಹೋಗಿ ಬಂಡೆಯ ಮೇಲೆ ಕೂತು ಚಪಾತಿ ತಿನ್ನಲಿಕ್ಕೆ ಆಗುತ್ತದಾ?

ಮೂರನೆಯದು ಬೆನೆಟ್ ಕೆರೆ. ಬೆಳಗ್ಗೆ ಗಾಳಿ ಏಳುವ ಮೊದಲು ತೆಗೆದದ್ದು. ಮೇಪಲ್ ಮರಗಳು ಈಗ ಕೆಂಪು ಕೆಂಪು, ಮಧ್ಯೆ ಸ್ಪ್ರೂಸ್ ಮಾತ್ರ ಹಸಿರು. ಬಣ್ಣವನ್ನು ಕಂಪ್ಯೂಟರಿನಲ್ಲಿ ಹಾಕಿದ್ದು ಅಂತ ಮುಳ್ಳೇರಿಯದ ಭಾವ ಹೇಳಿಯೇ ಹೇಳುತ್ತಾರೆ. ಅಲ್ಲ. ನಾಲ್ಕನೆಯದು ಅಪ್ಪನಿಗೋಸ್ಕರ ತೆಗೆದದ್ದು: ಪಾಯಿಂಟ್ ವುಲ್ಫ್‌ನ ಕೆಂಪು ಸೇತುವೆ. ಸೇತುವೆಗೆ ಮನೆಯ ಹಾಗೆ ಮಾಡು, ಗೋಡೆ ಎಲ್ಲ ಇದೆ! ಮಳೆ, ಹಿಮ ಬಿದ್ದು ಮರ ಕುಂಬಾಗಬಾರದು ಅಂತ ಹಿಂದಿನವರು ಹೀಗೆ ಕಟ್ಟುತ್ತಿದ್ದರು. ಈ ಪ್ರಾಂತ್ಯದಲ್ಲಿ ಇಂಥವು ಇನ್ನೂ ಸುಮಾರು ಉಳಿದಿವೆ.

ಐದನೆಯದು ಮತ್ತು ಆರನೆಯದನ್ನು ಒಟ್ಟಿಗೆ ಹಿಡಿದು ನೋಡಿ. ಆಲ್ಮಾ ಅಂತ ಸಣ್ಣ ಮೀನುಗಾರರ ಊರು. ಒಂದರಲ್ಲಿ ದೋಣಿಗಳು ನೀರಿನಲ್ಲಿ ತೇಲುತ್ತಿವೆ, ಇನ್ನೊಂದರಲ್ಲಿ ಅದೇ ದೋಣಿಗಳು ಬರಿ ನೆಲದ ಮೇಲೆ ಕೂತಿವೆ. ನಡುವೆ ಆರು ಗಂಟೆ ಅಷ್ಟೇ. ಇಲ್ಲಿ ಭರತಕ್ಕೂ ಇಳಿತಕ್ಕೂ 12 ಮೀಟರ್ ತನಕ ವ್ಯತ್ಯಾಸ, ಅಂದರೆ ನಮ್ಮ ಕೆಳಗಿನ ತೋಟದ ಅಡಕೆ ಮರದಷ್ಟು ನೀರು ಏರಿ ಇಳಿಯುತ್ತದೆ. ಕೊಲ್ಲಿಯ ಉದ್ದ, ಆಳ ಹೇಗಿದೆ ಅಂದರೆ ಒಳಗಿನ ನೀರು ಒಮ್ಮೆ ತೂಗಿ ಬರುವ ಹೊತ್ತೂ ಭರತದ ಹೊತ್ತೂ ಹೆಚ್ಚುಕಡಿಮೆ ಒಂದೇ, ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಪ್ರತಿ ಸಲ ಸರಿಯಾದ ಹೊತ್ತಿಗೆ ತಳ್ಳು ಸಿಕ್ಕಿ ನೀರು ಇಷ್ಟು ಎತ್ತರ ಏರುತ್ತದೆ. ಕುಂಬಳೆ ಕಡಲು ನೋಡಿ ಬೆಳೆದ ನನಗೆ ಇದು ಇನ್ನೂ ನಂಬಿಕೆಯಾಗಿಲ್ಲ.

ನೀರು ಇಳಿದಾಗ ಜನ ಸಮುದ್ರದ ನೆಲದ ಮೇಲೆ ನಡೆಯುತ್ತಾರೆ. ಕೆಸರು, ಚೂಪು ಕಲ್ಲು, ಚಿಪ್ಪು. ಸುಮಾರು ಜನ ಬರಿಗಾಲಿನಲ್ಲಿದ್ದರು. ನಾನು ಬೂಟು ಬಿಚ್ಚಲಿಲ್ಲ. ಯಾಕೆ ಅಂತ ಅಪ್ಪನಿಗೆ ಗೊತ್ತಾಗಬೇಕು.

ಅಮ್ಮ, ಆ ಗಾಯ ಆಟಿ ತಿಂಗಳಲ್ಲಿ, ಜುಲೈ-ಆಗಸ್ಟಿನ ಹೊತ್ತಿಗೆ ಆದದ್ದು ಅಂತ ಬರೆದಿದ್ದಿ. ತೆಂಗಿನ ಗೆರಟೆ ಚೂರು ತಾಗಿದ್ದು. ಈಗ ಅಡಕೆ ಕೊಯ್ಲಿಗೆ ಬಂತು, ಇನ್ನೂ ಒಣಗಿಲ್ಲ ಅಂದರೆ ಏನರ್ಥ? ಅಪ್ಪ "ನೋವೇ ಇಲ್ಲ" ಅನ್ನುತ್ತಾರಂತೆ. ನನಗೆ ಹೆದರಿಕೆ ಇರುವುದೇ ಆ ಮಾತಿಗೆ. ಶುಗರ್ ಹಳೆಯದಾದ ಹಾಗೆ ಕಾಲಿನ ನರ ಮರಗಟ್ಟುತ್ತದೆ. ಮುಳ್ಳು ಚುಚ್ಚಿದರೂ, ಬಿಸಿ ನೀರು ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳ ತನಕ ರಕ್ತ ಓಡುವುದೂ ಕಡಿಮೆಯಾಗುತ್ತದೆ. ಮೇಲಿನಿಂದ ಸಣ್ಣದಾಗಿ ಕಾಣುವ ಗಾಯ ಒಳಗೆ ಎಲುಬಿನ ತನಕ ಹೋಗಿರಬಹುದು.

ನಾನು ಕೆಲಸ ಮಾಡುವ ವೃದ್ಧರ ಮನೆಯಲ್ಲಿ ರಾತ್ರಿ ಸಾಕ್ಸ್ ಬಿಚ್ಚಿಸಿ ಶುಗರ್ ಇದ್ದವರ ಪಾದ ನೋಡದೆ ಮಲಗಿಸುವುದಿಲ್ಲ. ಹಿಮ್ಮಡಿ, ಅಡಿ, ಬೆರಳ ಸಂದು, ಎಲ್ಲ. ಅಲ್ಲೊಬ್ಬ ಅಜ್ಜ ಇದ್ದಾರೆ, ಕಾಡಿನಲ್ಲಿ ಮರ ಕಡಿಯುತ್ತಿದ್ದವರು. ಎಡಗಾಲಿನಲ್ಲಿ ಎರಡು ಬೆರಳಿಲ್ಲ. ಬೂಟಿನೊಳಗೆ ಕಲ್ಲು ಹೊಕ್ಕದ್ದು ದಿನವಿಡೀ ಗೊತ್ತೇ ಆಗಲಿಲ್ಲವಂತೆ. ಅವರೂ ಹೇಳಿದ್ದು ಅದೇ, ನೋವಿರಲಿಲ್ಲ ಅಂತ.

ಗುಡ್ಡ ಕೊರೆದ ಸುರಂಗದ ನೀರಿನಲ್ಲಿ ತೊಳೆದು ಅರಸಿನ ಹಚ್ಚಿದರೆ ಮಾಯುತ್ತದೆ ಅನ್ನುವ ಮಾತು ಇನ್ನು ಬೇಡ. ಸುರಂಗದ ನೀರು ಒಳ್ಳೆಯದೇ, ಕುಡಿಯಲಿ. ಅಡಕೆಗೆ ಬಿಡುವ ಮದ್ದಿಗೆ ಮೈಲುತುತ್ತು, ಸುಣ್ಣ ಕಲಸುವಲ್ಲಿ ಬರಿಗಾಲಿನಲ್ಲಿ ನಿಂತಿದ್ದರು ಅಂತ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಗಾಯ ಮಾಯುವ ತನಕ ತೋಟಕ್ಕೆ ಇಳಿಯುವುದೇ ಬೇಡ. ಕೊಯ್ಲು ಐತ್ತಪ್ಪ ನೋಡಿಕೊಳ್ಳಲಿ. ತೋಟಕ್ಕೆ ಚಪ್ಪಲಿ ಹಾಕಿ ಹೋಗುವುದಾ ಅಂತ ಅಪ್ಪ ಕೇಳುತ್ತಾರೆ, ಗೊತ್ತು. ಮನೆಯೊಳಗೂ ಹಾಕಬೇಕು. ಎಂಸಿಆರ್ ಚಪ್ಪಲಿ ಅಂತ ಕೇಳಿದರೆ ಮೆತ್ತನೆಯದು ಕೊಡುತ್ತಾರೆ.

ಈ ವಾರವೇ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಭಾವನಿಗೆ ಹೇಳಿದ್ದೇನೆ, ಕಾರು ತರುತ್ತಾರೆ. ಕೊರೊನಾ ಸಮಯದಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಮಣ್ಣು ಹಾಕಿ ದಾರಿ ಮುಚ್ಚಿದ್ದರು, ಆಗ ಹೋಗಲಿಕ್ಕಾಗಲಿಲ್ಲ ಅಂದರೆ ಒಪ್ಪಬಹುದಿತ್ತು. ಈಗ ಏನು ನೆಪ? ಪಾದದ ಎಕ್ಸ್‌ರೇ, ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ರಕ್ತ ಓಡುವುದನ್ನು ನೋಡುವ ಡಾಪ್ಲರ್, ಈ ಮೂರನ್ನು ನೀನೇ ಬಾಯಿ ಬಿಟ್ಟು ಕೇಳು. ದುಡ್ಡು ನಿನ್ನ ಖಾತೆಗೆ ಹಾಕಿದ್ದೇನೆ, ಅಪ್ಪನ ಖಾತೆಗೆ ಅಲ್ಲ. ಅವರದಕ್ಕೆ ಹಾಕಿದರೆ ಸ್ಪ್ರಿಂಕ್ಲರ್ ಪೈಪ್ ಬರುತ್ತದೆ.

ಹೊರಡುವ ಮೊದಲು ಪಾದದ ಅಡಿಯ ಫೋಟೊ ತೆಗೆದು ವಾಟ್ಸಪ್ ಮಾಡು. ಬೆಳಗ್ಗೆ ಜಗಲಿಯಲ್ಲಿ ಕೂರಿಸಿ, ಬಿಸಿಲು ನೇರ ಬೀಳದ ಕಡೆ. ಫ್ಲ್ಯಾಶ್ ಬೇಡ, ಕೆಂಪು ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು, ಗಾಯದ ಅಳತೆ ಸಿಗುತ್ತದೆ. ಮೊಬೈಲನ್ನು ತೀರಾ ಹತ್ತಿರ ಹಿಡಿಯಬೇಡ, ಮಸುಕಾಗುತ್ತದೆ.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಜಾಕೆಟ್ ಎರಡೆರಡು ಇದೆ. ಗಂಜಿ, ಉಪ್ಪಿನಕಾಯಿ ಎಲ್ಲ ನಡೆಯುತ್ತಿದೆ. ಕಾಡಿನಲ್ಲಿ ಜಿಗಣೆ ಇಲ್ಲ. ಉಣ್ಣಿ ಉಂಟು, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಯೇ ಹೋದದ್ದು. ಇನ್ನೊಂದು, ಇಲ್ಲಿ ಸರ್ಕಾರದ ಬೋರ್ಡು, ಫಾರಂ ಎಲ್ಲ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರುತ್ತದೆ. ಯಾರೂ ಕೇಳಿಕೊಳ್ಳಬೇಕಾಗಿಲ್ಲ. ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಕಡೆ ಕನ್ನಡದ ಒಂದು ಫಾರಂಗೆ ಅಪ್ಪ ಎಷ್ಟು ಅಲೆದಿದ್ದಾರೆ, ಅಲ್ವಾ?

ಮದುವೆ ವಿಷಯ ಬರೆದದ್ದು ಓದಿದೆ. ಮೊದಲು ಅಪ್ಪನ ಕಾಲು ಆಗಲಿ.

ಡ್ಯೂಟಿಗೆ ಹೊತ್ತಾಯಿತು, ಗಾಡಿ ಬಂದು ಹಾರ್ನ್ ಹಾಕುತ್ತಿದೆ. ಅಕ್ಕನಿಗೆ ಬೇರೆ ಬರೆಯುತ್ತೇನೆ. ಮಂಗಳೂರಿಗೆ ಹೋಗುವಾಗ ಡಾಕ್ಟರರ ಹಳೆಯ ಚೀಟಿಗಳ ಫೈಲ್ ಮರೆಯಬೇಡಿ, ಅದು ಗೋದ್ರೆಜಿನ ಮೇಲಿನ ಖಾನೆಯಲ್ಲಿದೆ.

ನಿನ್ನ
ಪುಟ್ಟಿ