ಹೋಗಿಬಿಟ್ಟರೆ ಅಂದೆಯಲ್ಲ

ಚಿ. ಸುಮಾಳಿಗೆ ಮಾವನ ಆಶೀರ್ವಾದ.

ಉಭಯಕುಶಲೋಪರಿ. ಮನೆ ಸಮಾಚಾರ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಪತ್ರದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿತು: ‘ಮೂರು ವರ್ಷ ಕೂತು ಬರೆದ ಕನ್ನಡ ಫಾಂಟಿನ ಅಕ್ಷರಗಳೆಲ್ಲ ಒಂದು ದಿನ ಹೋಗಿಬಿಟ್ಟರೆ, ಮಾವ?’

ನೀನಿರುವ ನ್ಯೂಯಾರ್ಕಿನಿಂದ ಹಡ್ಸನ್ ನದಿಗುಂಟ ಮೇಲೆ ಹೋದರೆ ಮಾರ್ಲ್‌ಬರೊ ಸಿಗುತ್ತದೆ. ಇಂಗ್ಲಿಷ್ ಅಚ್ಚಕ್ಷರಗಳ ರೂಪ ಬಿಡಿಸುತ್ತಿದ್ದ ಫ್ರೆಡರಿಕ್ ಗೌಡಿ ಇದ್ದ ಊರು. (ಹೆಸರು ಕೇಳಿ ನಮ್ಮ ಪ್ರೆಸ್ಸಿನ ಹುಡುಗರು ‘ಯಾವ ಊರ ಗೌಡ?’ ಅನ್ನುತ್ತಿದ್ದರು.) ಲೆಕ್ಕ ಬರೆಯುವ ಗುಮಾಸ್ತನಾಗಿದ್ದವನು. ಮೊದಲ ಅಕ್ಷರಮಾಲೆಗೆ ಅಂಜುತ್ತಲೇ 5 ಡಾಲರ್ ಕೇಳಿದ. ಅಕ್ಷರ ಎರಕ ಹೊಯ್ಯುವ ಫೌಂಡ್ರಿಯವರು 10 ಕಳಿಸಿದರು. 1908ರಲ್ಲಿ ಅವನ ಪ್ರೆಸ್ ಸುಟ್ಟಿತು. ವಯಸ್ಸು 60 ಆಗುವ ಹೊತ್ತಿಗೆ ಮೊಳೆಯ (ಸೀಸದ ಅಚ್ಚಕ್ಷರದ) ಎರಕದಚ್ಚನ್ನು ತಾನೇ ಕೊರೆಯತೊಡಗಿದ. ಮೊಳೆ ಜೋಡಿಸುವುದರಲ್ಲಿ ಪಳಗಿದ್ದ ಹೆಂಡತಿ ಬರ್ತಾ 1935ರಲ್ಲಿ ತೀರಿಕೊಂಡಳು. 1939ರ ಜನವರಿಯಲ್ಲಿ ಮಾರ್ಲ್‌ಬರೊದ ಕಾರ್ಯಾಗಾರಕ್ಕೂ ಬೆಂಕಿ. ನಕ್ಷೆ, ಅಚ್ಚು, ಯಂತ್ರ ಎಲ್ಲ ಬೂದಿ. ಅವನಿಗಾಗ 73.

ಹೋಗಿಬಿಟ್ಟರೆ ಅಂದೆಯಲ್ಲ, ಹೋಗುತ್ತದೆ ಕಣೇ. ಆದರೆ ಅವನು 1915ರಲ್ಲಿ ಒಂದೇ ಗಂಟಿಗೆ ಮಾರಿದ್ದ ‘ಗೌಡಿ ಓಲ್ಡ್ ಸ್ಟೈಲ್’ ಅನ್ನುವ ಅಕ್ಷರಮಾಲೆ ಉಳಿಯಿತು. ಮಗ್ಗುಲಲ್ಲಿ ಇಟ್ಟುಕೊಂಡದ್ದು ಸುಟ್ಟಿತು, ಕೈಬಿಟ್ಟದ್ದು ಇವತ್ತು ಕಂಪ್ಯೂಟರುಗಳಲ್ಲೂ ಇದೆ. ಇದನ್ನು ಸಮಾಧಾನ ಅನ್ನಬೇಕೋ ಏನೋ, ನನಗೆ ಗೊತ್ತಾಗುವುದಿಲ್ಲ.

ನನ್ನ ಪ್ರೆಸ್ಸಿನ ಮೊಳೆಗಳು ಬೆಂಕಿಗೆ ಹೋದದ್ದಲ್ಲ. ಮೊಳೆಯೇ ಬೇಡದ ಆಫ್‌ಸೆಟ್ ಮುದ್ರಣ ಬಂತು, ಗುಜರಿಯವನು ತಕ್ಕಡಿ ತಂದ. ಮೊಳೆ ಇಡುವ ಕೇಸಿನ ಖಾನೆಗಳನ್ನು ನಾನೇ ಗೋಣಿಚೀಲಕ್ಕೆ ಕವುಚಿದೆ. ‘ಸ್ತ್ರೀ’ ಜೋಡಿಸಲು ತ ಒತ್ತು, ರ ಒತ್ತು ಹುಡುಕಿ ಹುಡುಕಿ ಬೆರಳ ತುದಿ ಕಪ್ಪಾಗುತ್ತಿದ್ದ ಆ ಮೊಳೆಗಳು ಚೀಲದಲ್ಲಿ ಜಲ್ಲಿಕಲ್ಲಿನ ಸದ್ದು ಮಾಡಿದವು. ಕವುಚುವ ಮೊದಲು ಒಂದು ಪ್ರೂಫ್ ಒತ್ತಿಕೊಳ್ಳೋಣ ಅಂತ ಹೊಳೆಯಲೇ ಇಲ್ಲ. ಶಾಯಿ ಇತ್ತು, ಕಾಗದ ಇತ್ತು. ಐದು ನಿಮಿಷದ ಕೆಲಸ.

ಅದಕ್ಕೇ ನಿನ್ನ ಸಾಲು ಚುಚ್ಚಿತು ಅನ್ನಿಸುತ್ತದೆ. ಕಂಪ್ಯೂಟರಿನ ವಿಷಯ ನಿನಗೆ ಹೇಳುವಷ್ಟು ನಾನು ಬಲ್ಲವನಲ್ಲ, ಆದರೂ ಒಂದು ಪ್ರತಿ ಬೇರೆ ಯಾರ ಹತ್ತಿರವಾದರೂ ಇಡು. ಮುಗಿದಿಲ್ಲ ಅಂತ ಬಚ್ಚಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇದು ಅಕ್ಷರಕ್ಕೆ ಸಂಬಂಧಿಸಿದ್ದಲ್ಲ, ಬಿಡು.

ಮತ್ತೆ, ಆಗುವುದಾದರೆ ದಪ್ಪ ಕಾಗದದ ಮೇಲೆ ‘ಸ್ತ್ರೀ’ ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲಿ ಕಳಿಸು. ರ ಒತ್ತಿಗೆ ಎಷ್ಟು ಜಾಗ ಬಿಟ್ಟಿದ್ದೀ ನೋಡಬೇಕು.

ಇಂತು,
ನಿನ್ನ ಮಾವ